ಮಕ್ಕಳ ಕೈಗೆ ಪಾಸ್‌ಬುಕ್ ಕೊಡಿ

ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ಹೊತ್ತಿಗೆ ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಖರ್ಚಿನ ಪಟ್ಟಿ ಆಗಲೇ ತಯಾರಿರುತ್ತದೆ. ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಸುವುದು), ಸಾಲದ ಕಂತು, ಸ್ಕೂಲ್ ಫೀಸು. ಒಮ್ಮೆ ಬಂದ ಹಣ ಮುಂದಿನ ಕೊಯ್ಲಿನವರೆಗೆ ಬರಬೇಕು. ಕೂಲಿಗೆ ಹೋಗುವವರ ಮನೆಯಲ್ಲಿ ಈ ಬಟವಾಡೆ ಮುಂದಿನ ಬಟವಾಡೆಯವರೆಗೆ ಸಾಕಾಗಬೇಕು. ಈ ಲೆಕ್ಕವನ್ನೆಲ್ಲ ನಾವು ಮಕ್ಕಳು ಮಲಗಿದ ಮೇಲೆ ಮಾಡುತ್ತೇವೆ. ಮಗು ನೋಡುವುದು ಅಂಗಡಿಯಲ್ಲಿ ಅಪ್ಪ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿದ್ದನ್ನು ಮಾತ್ರ. ದುಡ್ಡು ಖಾಲಿಯಾಗುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಮೊದಲ ಪಾಠ ಸಂತೆಯಲ್ಲಿ. ಆರೇಳು ವರ್ಷದ ಮಗುವಿಗೆ ನೂರರ ನೋಟು ಕೊಟ್ಟು ಟೊಮೆಟೊ, ಸೊಪ್ಪು ತರಲು ಹೇಳಿ. ರೇಟು ಅದೇ ಕೇಳಲಿ, ಚಿಲ್ಲರೆ ಅದೇ ಎಣಿಸಲಿ. ಮೊಬೈಲಲ್ಲಿ ಹಣ ಕಟ್ಟುವಾಗ ಮೊದಲು ಖಾತೆಯಲ್ಲಿ ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ಎಂದು ತೋರಿಸಿ.

ಎರಡನೆಯದು ಹುಂಡಿ. ಸುಮ್ನೆ ‘ದುಡ್ಡು ಉಳಿಸು’ ಎಂದರೆ ಯಾವ ಮಗುವೂ ಉಳಿಸುವುದಿಲ್ಲ. ಶಟಲ್ ಬ್ಯಾಟೋ, ಬಣ್ಣದ ಪೆನ್ಸಿಲ್ ಡಬ್ಬಿಯೋ, ಬೇಕಾದ್ದು ಏನೆಂದು ಅದೇ ಹೇಳಲಿ. ಅದರ ಬೆಲೆಯನ್ನು ಚೀಟಿಯಲ್ಲಿ ಬರೆದು ಹುಂಡಿಗೆ ಅಂಟಿಸಿ.

ಇಲ್ಲಿ ದೊಡ್ಡವರಿಗೂ ಒಂದು ಮಾತು. ನೆಂಟರು ಮಗುವಿನ ಕೈಗಿಟ್ಟ ನೋಟನ್ನು ‘ಕೊಡು, ಜೋಪಾನವಾಗಿ ಇಟ್ಟಿರ್ತೀನಿ’ ಎಂದು ಇಸಿದುಕೊಂಡು ಮನೆಖರ್ಚಿಗೆ ಹಾಕುವುದು ನಮ್ಮಲ್ಲಿ ಮಾಮೂಲು. ದಯವಿಟ್ಟು ಬೇಡ. ನಿಜವಾಗಿ ಕಷ್ಟವಿದ್ದರೆ ಮಗುವನ್ನೇ ಕೇಳಿ, ಸಾಲ ಎಂದು ಬರೆದುಕೊಟ್ಟು ತೆಗೆದುಕೊಳ್ಳಿ. ಹೇಳಿದ ದಿನಕ್ಕೆ ವಾಪಸ್ ಕೊಡಿ. ಸಾಲ ಎಂದರೇನು, ನಂಬಿಕೆ ಎಂದರೇನು ಎಂಬುದು ಅದಕ್ಕೆ ಅಲ್ಲೇ ಅರ್ಥವಾಗುತ್ತದೆ.

ಹುಂಡಿ ತುಂಬಿದ ಮೇಲೆ ಖಾತೆ. ಚಿಕ್ಕ ಮಕ್ಕಳ ಹೆಸರಿಗೆ ಅಪ್ಪನೋ ಅಮ್ಮನೋ ಪೋಷಕರಾಗಿ ಖಾತೆ ತೆರೆಯಬಹುದು. ಹತ್ತು ವರ್ಷ ತುಂಬಿದವರು ತಾವೇ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಉಂಟೋ ಇಲ್ಲವೋ ಎಂಬುದು ಆಯಾ ಬ್ಯಾಂಕಿನ ತೀರ್ಮಾನ. ಹತ್ತಿರದಲ್ಲಿ ಬ್ಯಾಂಕ್ ಇಲ್ಲದ ಊರಿನವರಿಗೆ ಅಂಚೆ ಕಚೇರಿಯೇ ಸಾಕು. 500 ರೂಪಾಯಿಗೆ ಉಳಿತಾಯ ಖಾತೆ ಆಗುತ್ತದೆ, ಆಮೇಲೆ ಹತ್ತು ರೂಪಾಯಿ ಕಟ್ಟಿದರೂ ತೆಗೆದುಕೊಳ್ಳುತ್ತಾರೆ. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಫೋಟೊ, ನಿಮ್ಮ ದಾಖಲೆಗಳು ಜೊತೆಗಿರಲಿ.

ಬ್ಯಾಂಕಿಗೆ ಹೋದಾಗ ಚಲನ್ ನೀವು ತುಂಬಬೇಡಿ. ಇದೊಂದನ್ನು ಒತ್ತಿ ಹೇಳುತ್ತೇನೆ. ಹುಂಡಿಯಲ್ಲಿ 350 ರೂಪಾಯಿ ಇತ್ತು ಅಂದುಕೊಳ್ಳಿ. ನೂರರದ್ದು ಎರಡು, ಐವತ್ತರದ್ದು ಒಂದು, ಇಪ್ಪತ್ತರದ್ದು ನಾಲ್ಕು, ಹತ್ತರದ್ದು ಎರಡು. ಯಾವ ನೋಟು ಎಷ್ಟು ಎಂದು ಮಗುವೇ ಬರೆದು ಕೂಡಲಿ. ‘ಮುನ್ನೂರ ಐವತ್ತು ರೂಪಾಯಿ ಮಾತ್ರ’ ಎಂದು ಅಕ್ಷರದಲ್ಲೂ ಬರೆಯಲಿ. ‘ಮಾತ್ರ’ ಯಾಕೆ ಎಂದು ಕೇಳಿಯೇ ಕೇಳುತ್ತದೆ. ಮುಂದೆ ಯಾರೂ ಏನೂ ಸೇರಿಸಬಾರದು ಅಂತ, ಎಂದು ಹೇಳಿ. ತಪ್ಪಾದರೆ ಇನ್ನೊಂದು ಚಲನ್, ಅಷ್ಟೇ. ಕೌಂಟರಿನಲ್ಲಿ ಸೀಲು ಹಾಕಿ ಕೊಟ್ಟ ಅರ್ಧ ಚೀಟಿ ಮಗುವಿನ ಹತ್ತಿರವೇ ಇರಲಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ ಎರಡನ್ನೂ ತಾಳೆ ನೋಡಿಸಿ. ಇದಕ್ಕೆ ರಶ್ ಕಡಿಮೆ ಇರುವ ದಿನ ನೋಡಿಕೊಂಡು ಹೋದರೆ ಒಳ್ಳೆಯದು.

ಬಡ್ಡಿ ಎಲ್ಲಿಂದ ಬರುತ್ತದೆ? ಪಕ್ಕದ ತೋಟದವರು ಗೊಬ್ಬರಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆದಿರುತ್ತಾರೆ. ಅವರಿಂದ ಬ್ಯಾಂಕ್ ಜಾಸ್ತಿ ಬಡ್ಡಿ ತೆಗೆದುಕೊಳ್ಳುತ್ತದೆ, ದುಡ್ಡಿಟ್ಟವರಿಗೆ ಕಡಿಮೆ ಬಡ್ಡಿ ಕೊಡುತ್ತದೆ. ನಡುವಿನದರಲ್ಲಿ ಬ್ಯಾಂಕಿನ ಸಂಬಳ, ಬಾಡಿಗೆ, ಲಾಭ. ಬಡ್ಡಿ ಶೇ 4 ಇದ್ದರೆ ಒಂದು ವರ್ಷ ಇಟ್ಟ ಸಾವಿರಕ್ಕೆ ನಲವತ್ತು ರೂಪಾಯಿ. ಇದನ್ನು ದೊಡ್ಡದು ಮಾಡಿ ಹೇಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಂಚೆ ಖಾತೆಯಾದರೆ ಒಂದು ಕಿವಿಮಾತು: ತಿಂಗಳ 10ನೇ ತಾರೀಕಿನೊಳಗೆ ಕಟ್ಟಿ. 10ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಮೊತ್ತಕ್ಕಷ್ಟೇ ಅಲ್ಲಿ ಬಡ್ಡಿ.

ದಿನವೂ ಸ್ವಲ್ಪ ಸ್ವಲ್ಪ ಉಳಿತಾಯದ ಹಣ ಕಟ್ಟಿಸಿಕೊಳ್ಳಲು ಪೇಟೆಯ ಅಂಗಡಿಗಳಿಗೆ ಬರುವ ಪಿಗ್ಮಿ ಏಜೆಂಟರನ್ನೂ ತೋರಿಸಿ. ದಿನಕ್ಕೆ ಎರಡಾಣೆಯಂತೆ ಕಟ್ಟಿಸಿಕೊಂಡು ಈ ಪದ್ಧತಿಯನ್ನು 1928ರಲ್ಲಿ ಶುರು ಮಾಡಿದ್ದು ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು.

ಪಿನ್ನು, ಒಟಿಪಿ ಯಾರಿಗೂ ಹೇಳಬಾರದು, ಬ್ಯಾಂಕಿನವರು ಅಂತ ಫೋನ್ ಬಂದರೂ. ಇದನ್ನು ಮೊಬೈಲ್ ಹಿಡಿದ ದಿನದಿಂದಲೇ ಹೇಳಿಕೊಡಿ.

ಕೊನೆಗೆ, ದುಡ್ಡು ತೆಗೆಯುವುದನ್ನೂ ಕಲಿಸಿ. ಬ್ಯಾಟಿಗೆ ಬೇಕಾದಷ್ಟು ಕೂಡಿದಾಗ ‘ಇನ್ನೂ ಇರಲಿ ಬಿಡು’ ಎನ್ನಬೇಡಿ. ಮಗು ತಾನೇ ನಡೆಸುವ ಖಾತೆಯಾದರೆ ವಿತ್‌ಡ್ರಾ ಫಾರಂ ಅದೇ ಬರೆಯಲಿ. ಸಹಿ ಬ್ಯಾಂಕಿನಲ್ಲಿ ಮೊದಲು ಹಾಕಿದ ಹಾಗೆಯೇ ಇರಬೇಕು, ಮನೆಯಲ್ಲಿ ನಾಲ್ಕು ಸಲ ಬರೆಸಿ ನೋಡಿ. ಹದಿನೆಂಟು ತುಂಬಿದಾಗ ಬ್ಯಾಂಕ್ ಮತ್ತೆ ಹೊಸದಾಗಿ ಸಹಿ ಕೇಳುತ್ತದೆ.