ವಿಜಯಪುರದ ಕಚೇರಿಗಳಲ್ಲಿ ಖರೇ ಗಿಡ: ನನ್ನ ಅನುಭವ

"ಈ ಊರಾಗಿನ ಬಿಸಲಿಗೆ ಮಂದಿನ ಒಣಗತಾರ, ನಿನ್ನ ಗಿಡ ಉಳಿತಾವೇನ್ಲೇ? ಪ್ಲಾಸ್ಟಿಕ್ ಇಟ್ಟು ಸುಮ್ನಾಗು." ಕಚೇರಿಗಳಿಗೆ ಗಿಡ ಬಾಡಿಗೆ ಕೊಡುವ ಕೆಲಸ ಶುರು ಮಾಡಿದಾಗ ಕಾಕಾ ಹೇಳಿದ ಮಾತಿದು. ಈಗ 11 ಕಚೇರಿಗಳಲ್ಲಿ ನನ್ನ 140ರಷ್ಟು ಕುಂಡಗಳಿವೆ. ಹೋದ ಬೇಸಿಗೆಯಲ್ಲಿ ಸತ್ತದ್ದು ನಾಲ್ಕೋ ಐದೋ.

ಮೊದಲು ಕಾಕಾನ ಮಾತು ಕೇಳಿ ಪ್ಲಾಸ್ಟಿಕ್ಕೇ ತಂದಿದ್ದೆ. ಸುಮಾರು 22 ಸಾವಿರದ ಮಾಲು. ಪಶ್ಚಿಮದ ಕಿಟಕಿ ಪಕ್ಕ ಇಟ್ಟದ್ದು ಎಂಟು ತಿಂಗಳಲ್ಲಿ ಬಣ್ಣ ಹೋಗಿ ನೀಲಿಗೆ ತಿರುಗಿತು. ನಮ್ಮೂರ ಧೂಳು ಗೊತ್ತಲ್ವಾ? ಎಲೆ ಎಲೆ ಒರೆಸುವ ಕೂಲಿಯೇ ನೀರು ಹಾಕುವ ಕೂಲಿಗಿಂತ ಜಾಸ್ತಿ ಆಯಿತು.

ಆಮೇಲೆ ನರ್ಸರಿಗಳ ಊರಾದ ಆಂಧ್ರದ ಕಡಿಯಂನಿಂದ ಒಂದು ಲೋಡ್ ಖರೇ ಗಿಡ ತರಿಸಿದೆ. ಬಂದ ವಾರದಲ್ಲೇ ಕಚೇರಿಗೆ ಕಳಿಸಿದೆ. ತಿಂಗಳಲ್ಲಿ ಅರ್ಧ ಹೋದವು, 35 ಸಾವಿರ ಮಣ್ಣುಪಾಲು. ಮುಂದಿನ ಸಲ ಎರೆಮಣ್ಣು ಬೆರೆಸಿ ಕೆಟ್ಟೆ. ಕುಂಡದಲ್ಲಿ ಅದು ತೊಯ್ದರೆ ಅಂಟು, ಒಣಗಿದರೆ ಬಿರುಕು. ಹಾಕಿದ ನೀರು ಬಿರುಕಲ್ಲಿ ಇಳಿದು ನೇರ ತಟ್ಟೆಗೆ! ಮೂರನೇ ಪೆಟ್ಟು ಬೋರ್ ನೀರಿನದು. ಮಣ್ಣ ಮೇಲೆ ಬಿಳಿ ಉಪ್ಪು, ಅರೆಕಾ (ಕುಂಡದಲ್ಲಿ ಬೆಳೆಸುವ ಅಲಂಕಾರದ ತಾಳೆ) ಎಲೆಯ ತುದಿಯೆಲ್ಲ ಸುಟ್ಟ ಹಾಗೆ. ಏಸಿ ಪೈಪಿನಿಂದ ಸುಮ್ನೆ ಹರಿದು ಹೋಗುವ ನೀರನ್ನು ಕ್ಯಾನಿನಲ್ಲಿ ಹಿಡಿದು ಹಾಕತೊಡಗಿದ ಮೇಲೆ ಹೊಸ ಎಲೆ ಚೊಕ್ಕವಾಗಿ ಬಂತು.

ಕೈ ಹಿಡಿದದ್ದು ಅದಲುಬದಲು. ಪ್ರತಿ ಕಚೇರಿಗೂ ಎರಡು ಸೆಟ್. 15 ದಿನ ಒಳಗೆ, 15 ದಿನ ನಮ್ಮ ಹಿತ್ತಲಿನ ಹಸಿರು ನೆಟ್ ಕೆಳಗೆ. ನೆರಳು ತಾಳುವ ಸ್ನೇಕ್ ಪ್ಲಾಂಟ್, ಝೆಡ್‌ಝೆಡ್ ಗಿಡಗಳು ಒಳಗೆ ತಿಂಗಳಿದ್ದರೂ ನಡೆಯುತ್ತದೆ, ಅರೆಕಾಕ್ಕೆ ಹತ್ತೇ ದಿನ. ಹೊಸ ಗಿಡವನ್ನು 40 ದಿನ ನೆರಳಿಗೆ ಪಳಗಿಸದೆ ಯಾರಿಗೂ ಕೊಡುವುದಿಲ್ಲ. ಮಣ್ಣಿನಲ್ಲಿ ಮಸಾರಿ (ಕೆಂಪು ಮಣ್ಣು), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೇವಿನ ಹಿಂಡಿ ಇವೆ. ಅಳತೆ ಮಾತ್ರ ಬರೆಯುವುದಿಲ್ಲ, ಅದು ಮೂರು ವರ್ಷದ ದುಡಿಮೆ.

ಗಾಳಿ ಶುದ್ಧ ಮಾಡುತ್ತದೆ ಅಂತ ಹೇಳಿ ನಾನು ಗಿರಾಕಿ ಹಿಡಿಯುವುದಿಲ್ಲ. ಎಲ್ಲರೂ ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ದಿನವಿಡೀ ಬಾಗಿಲು ತೆಗೆದು ಹಾಕುವ ಕಚೇರಿಯ ಲೆಕ್ಕ ಬೇರೆ. ಹೊಸ ಚಿಗುರು ಬಂದ ದಿನ ಸಿಬ್ಬಂದಿ ಕರೆದು ತೋರಿಸುತ್ತಾರೆ, ನನಗೆ ಅಷ್ಟು ಸಾಕು.

ಕುಂಡಕ್ಕೆ ತಿಂಗಳಿಗೆ 120 ರೂಪಾಯಿ ಬಾಡಿಗೆ. ಆಟೊ, ಹುಡುಗನ ಕೂಲಿ ಕಳೆದು ಎಂಟು ಸಾವಿರದ ಮೇಲೆ ಉಳಿಯುತ್ತದೆ. ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಝೆಡ್‌ಝೆಡ್‌ನ ಬಿಡಿ ಎಲೆ 60ರಷ್ಟು ಚುಚ್ಚಿಟ್ಟೆ. ನಾಲ್ಕು ತಿಂಗಳಾದ ಮೇಲೆ ಕಿತ್ತು ನೋಡಿದರೆ 45ರ ಬುಡದಲ್ಲಿ ಕಡಲೆಯಷ್ಟು ಗಡ್ಡೆ! ಝೆಡ್‌ಝೆಡ್ ಮಟ್ಟಿಗೆ ಸಸಿ ನಾನೇ ಮಾಡಿಕೊಳ್ಳುತ್ತೇನೆ, ಇನ್ನು ಕಡಿಯಂನಿಂದ ತರಿಸುವ ಲಾರಿ ಬಾಡಿಗೆ ಕೊಡುವುದಿಲ್ಲ.