ಕೆಂಪು ನೆಲದ ಹಾಲ್‌ಗೆ ಗಾಢ ಬೂದು: ನಾನು ಬಣ್ಣ ಆರಿಸಿದ ಬಗೆ

ಶೇಡ್ ಪುಸ್ತಕದಲ್ಲಿ ಗಾಢ ಬೂದು ಬಣ್ಣಗಳ ಪುಟ ತೆರೆದರೆ ಮೊದಲಿಗೆ ಎಲ್ಲವೂ ಒಂದೇ ಅನ್ನಿಸುತ್ತವೆ. ಒಂದರ ಪಕ್ಕ ಇನ್ನೊಂದು ಹಿಡಿದಾಗ ಇದರಲ್ಲಿ ನೀಲಿ ಸೇರಿದೆ, ಅದರಲ್ಲಿ ಹಸಿರು, ಮತ್ತೊಂದರಲ್ಲಿ ಕಂದು ಅಂತ ಗೊತ್ತಾಗುತ್ತದೆ. ಗೋಡೆಗೆ ಬಳಿದ ಮೇಲೆ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಬೂದು ಇರುವುದಿಲ್ಲ. ಆದರೂ ಒಳಗಿರುವ ಛಾಯೆ ಸುಮ್ಮನಿರುವುದಿಲ್ಲ. ಕೋಣೆಯ ನೆಲ, ಕಿಟಕಿ, ದೀಪ ಸೇರಿ ಅದನ್ನು ಹೊರಗೆ ಎಳೆದುಬಿಡುತ್ತವೆ. ಹಾಗಾಗಿ ಯಾವುದು ಚಂದ ಅಂತ ಹುಡುಕುವುದನ್ನು ಬಿಟ್ಟು, ಯಾವುದು ನಮ್ಮ ಮನೆಯಲ್ಲಿ ಯಾವ ಹೊತ್ತಿಗೆ ಕೆಡುತ್ತದೆ ಅಂತ ನೋಡುತ್ತಾ ಒಂದೊಂದನ್ನೇ ತೆಗೆದುಹಾಕಿದೆ.

ನಮ್ಮದು ಮೈಸೂರಿನಲ್ಲಿ ಎಂಬತ್ತರ ದಶಕದಲ್ಲಿ ಕಟ್ಟಿದ ಮನೆ. ಹಾಲ್‌ಗೆ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ತೇಗದ ಶೋಕೇಸು. ಮುಂಬಾಗಿಲು ಪೂರ್ವಕ್ಕೆ, ಕಿಟಕಿಗಳು ಉತ್ತರಕ್ಕೆ. ಟಿ.ವಿ. ಇರುವುದು ಪಶ್ಚಿಮದ ಗೋಡೆಯಲ್ಲಿ. ರಾತ್ರಿ ಟಿ.ವಿ. ಹಾಕಿದಾಗ ಸುತ್ತಲಿನ ಕೆನೆಬಿಳಿ ಗೋಡೆ ಕಣ್ಣಿಗೆ ಹೊಡೆಯುತ್ತಿತ್ತು. ದಸರೆಗೆ ಮುಂಚೆ ಸುಣ್ಣಬಣ್ಣ ಮಾಡಿಸುವುದು ಹೇಗೂ ಇತ್ತು, ಆ ಒಂದು ಗೋಡೆಗೆ ಗಾಢ ಬೂದು ಹೊಡೆಸೋಣ ಅಂದೆ.

“ಒಲೆ ಹೊಗೆ ಹಿಡಿದ ಅಡುಗೆಮನೆ ಥರ ಮಾಡ್ತೀಯೇನಮ್ಮ?” ಅಂದರು ಅತ್ತೆ. “ಆ ಮಸಿ ತಿಕ್ಕಿ ತಿಕ್ಕಿ ನಮ್ಮ ಕೈಯೇ ಸವೆದುಹೋಗಿತ್ತು.”

“ಒಂದೇ ಗೋಡೆ ಅತ್ತೆ. ದೇವರ ಮನೆ ಕಡೆ ಬ್ರಷ್ಷೂ ಸೋಕಿಸಲ್ಲ” ಅಂತ ಒಪ್ಪಿಸಿದೆ.

ಮೊದಲು ಎಷ್ಟು ಗಾಢ ಅನ್ನುವುದು ತೀರ್ಮಾನವಾಗಬೇಕಿತ್ತು. ಇದಕ್ಕೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇದೆ: ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಭಾಗವನ್ನು ಆ ಬಣ್ಣ ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. ಅಚ್ಚ ಕಪ್ಪು 0, ಅಚ್ಚ ಬಿಳಿ 100. ಕೆಲವು ಕಂಪನಿಗಳು ಇದನ್ನು ಶೇಡ್ ಪುಸ್ತಕದಲ್ಲೋ ವೆಬ್‌ಸೈಟಿನಲ್ಲೋ ಕೊಡುತ್ತವೆ. ಈ ಅಂಕಿ ಓದುವಾಗ ಒಂದು ವಿಷಯ ಗಮನದಲ್ಲಿರಬೇಕು, ಕಣ್ಣು ಇದನ್ನು ನೇರ ಲೆಕ್ಕದಲ್ಲಿ ನೋಡುವುದಿಲ್ಲ. ಕಪ್ಪು ಬಿಳುಪಿನ ನಟ್ಟನಡುವೆ ಇದೆ ಅಂತ ಕಣ್ಣಿಗೆ ಕಾಣುವ ಬೂದು ಬಣ್ಣದ ಎಲ್‌ಆರ್‌ವಿ 50 ಅಲ್ಲ, ಸುಮಾರು 18. ಫೋಟೋ ತೆಗೆಯುವವರು ಇಟ್ಟುಕೊಳ್ಳುವ ಬೂದು ಕಾರ್ಡು ಇದೇ. ಹಾಗಾಗಿ 76ಕ್ಕೂ 79ಕ್ಕೂ ಇರುವ ಅಂತರ ಬಿಳಿ ಗೋಡೆಯಲ್ಲಿ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅದೇ ಮೂರು ಅಂಕಿ 6ಕ್ಕೂ 9ಕ್ಕೂ ನಡುವೆ ಬಂದರೆ ಒಂದು ಇದ್ದಿಲು, ಇನ್ನೊಂದು ಬೂದು. ನಮ್ಮ ಹಾಲ್‌ಗೆ ಬೆಳಕು ಸಾಧಾರಣವಾಗಿ ಇರುವುದರಿಂದ 8ಕ್ಕಿಂತ ಕೆಳಗಿನವನ್ನೆಲ್ಲ ಬಿಟ್ಟೆ. ಪಟ್ಟಿ ಅಲ್ಲಿಗೇ ಅರ್ಧ ಕರಗಿತು.

ಎರಡನೆಯ ಕೆಲಸ, ಅಂಗಡಿಯವರ ಕಂಪ್ಯೂಟರ್ ನೋಡಿದ್ದು. ಈ ಬಣ್ಣಗಳು ಡಬ್ಬಿಯಲ್ಲಿ ಸಿದ್ಧವಾಗಿ ಬರುವುದಿಲ್ಲ. ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟು, ಅಂದರೆ ಬೇಸ್, ಇರುವ ಡಬ್ಬಿಗೆ ಮೆಷಿನ್ನಿನಿಂದ ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ನೀಲಿ, ಹಸಿರು ಹೀಗೆ ಅಳೆದು ಬಿಟ್ಟು ಅಲುಗಾಡಿಸಿ ಕೊಡುತ್ತಾರೆ. ಶೇಡ್ ಕೋಡ್ ಒತ್ತಿದರೆ ಯಾವುದು ಎಷ್ಟು ಅಂತ ಪರದೆಯ ಮೇಲೆ ಬರುತ್ತದೆ. “ಸ್ವಲ್ಪ ತೋರಿಸ್ತೀರಾ?” ಅಂತ ಕೇಳಿದರೆ ತೋರಿಸುವವರಿದ್ದಾರೆ, ಕೆಲವರಿಗೆ ಇಷ್ಟವಾಗುವುದಿಲ್ಲ. ನಮಗೆ ಸಿಕ್ಕವರು ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ಕಪ್ಪಿನ ಜೊತೆ ಕೆಂಪೂ ನೀಲಿಯೂ ಸೇರಿದ್ದರೆ ಅದು ನೇರಳೆಗೆ ವಾಲುವ ಬೂದು. ಕಪ್ಪಿಗೆ ಹಳದಿ ಆಕ್ಸೈಡ್ ಧಾರಾಳವಾಗಿ ಬಿದ್ದು ಕೆಂಪು ಇಲ್ಲದಿದ್ದರೆ ಹಸಿರಿನತ್ತ ಹೋಗುತ್ತದೆ. ಹಳದಿ, ಕೆಂಪು ಎರಡೂ ಇದ್ದರೆ ಕಂದು. ಶೇಡಿಗೆ ಇಟ್ಟ ಇಂಗ್ಲಿಷ್ ಹೆಸರು ಇದರಲ್ಲಿ ಒಂದನ್ನೂ ಹೇಳುವುದಿಲ್ಲ.

ಹೀಗೆ ನಾಲ್ಕು ಉಳಿದವು. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು, ಎರಡಡಿ ಚೌಕದ ಪ್ಲೈವುಡ್ ತುಂಡುಗಳಿಗೆ ಪ್ರೈಮರ್ ಹೊಡೆದು, ಮೇಲೆ ಎರಡೆರಡು ಕೋಟ್ ಹಾಕಿದೆ. ಹಿಂಬದಿಗೆ ಅ, ಆ, ಇ, ಈ ಅಂತ ಬರೆದೆ. ಹೆಸರು ಗೊತ್ತಿದ್ದರೆ ಮನೆಯವರೆಲ್ಲ ಹೆಸರಿಗೇ ಮಾರುಹೋಗುತ್ತಾರೆ. ‘ಅ’ ಕಂದು ಛಾಯೆಯದು, ‘ಆ’ ನೀಲಿ, ‘ಇ’ ಹಸಿರು, ‘ಈ’ ನೇರಳೆ.

ಗೋಡೆಗೇ ನೇರ ಬಳಿದು ನೋಡಬಹುದಲ್ಲ ಅಂತ ಮನೆಯವರು ಕೇಳಿದರು. ಕೆನೆಬಿಳಿ ಗೋಡೆಯ ಮಧ್ಯೆ ಅಂಗೈಯಗಲ ಬೂದು ಬಳಿದರೆ ಸುತ್ತಲಿನ ಬಿಳುಪಿಗೆ ಯಾವುದೇ ಬೂದು ಕಪ್ಪಾಗಿಯೇ ಕಾಣುತ್ತದೆ. ಹಲಗೆಯಾದರೆ ಟಿ.ವಿ. ಹಿಂದೆ, ಮೂಲೆಯಲ್ಲಿ, ಕಿಟಕಿ ಪಕ್ಕ ಎಲ್ಲಿಗೆ ಬೇಕಾದರೂ ಎತ್ತಿಡಬಹುದು. ಆದರೆ ನಿಲ್ಲಿಸಿಯೇ ನೋಡಬೇಕು. ಅಂಗಡಿಯ ಕೌಂಟರಿನ ಮೇಲೆ ಮಲಗಿಸಿದ ಕಾರ್ಡಿಗೆ ಸೂರಿನ ಟ್ಯೂಬ್‌ಲೈಟ್ ನೇರವಾಗಿ ಬೀಳುತ್ತದೆ, ನಿಂತ ಗೋಡೆಗೆ ಅಷ್ಟು ಬೆಳಕಿಲ್ಲ. ಬಣ್ಣ ಪೂರ್ತಿ ಒಣಗುವವರೆಗೂ ಅಭಿಪ್ರಾಯ ಹೇಳಬಾರದು. ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ, ಹಸಿಯಿದ್ದಾಗ ಹಾಲು ಬೆರೆಸಿದ ಹಾಗೆ ತಿಳಿಯಾಗಿದ್ದು, ಒಣಗುತ್ತಾ ಗಾಢವಾಗುತ್ತದೆ.

ಇನ್ನು ನೆಲದ ವಿಷಯ. ಬಣ್ಣದ ಬಗ್ಗೆ ಮಾತಾಡುವಾಗ ಯಾರೂ ನೆಲದ ಹೆಸರೆತ್ತುವುದಿಲ್ಲ, ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ತೀರ್ಮಾನ ಮಾಡಿದ್ದೇ ಅದು. ಬೆಳಿಗ್ಗೆ ಎಂಟರ ಹೊತ್ತಿಗೆ ಪೂರ್ವದ ಬಾಗಿಲಿನಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಚಾಚಿಕೊಳ್ಳುತ್ತದೆ. ಎಣ್ಣೆ ಹಚ್ಚಿ ಹಚ್ಚಿ ನುಣುಪಾದ ಆ ಕೆಂಪು ನೆಲ, ಬಿದ್ದ ಬೆಳಕನ್ನು ಕೆಂಪು ಮಾಡಿ ಎದುರಿನ ಪಶ್ಚಿಮದ ಗೋಡೆಗೆ ಎಸೆಯುತ್ತದೆ. ಬಿಳಿ ಗೋಡೆಯಾಗಿದ್ದಾಗ ಇದು ಒಂದು ಬೆಚ್ಚಗಿನ ಕಾಂತಿ ಅಷ್ಟೇ ಆಗಿತ್ತು. ಬೂದು ಹಲಗೆಗಳನ್ನು ಸಾಲಾಗಿ ಗೋಡೆಗೆ ಆನಿಸಿಟ್ಟರೆ ‘ಈ’ ಹಲಗೆಯ ಕೆಳಗಿನ ಒಂದಡಿ ಅಪ್ಪಟ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಮೇಲಿನ ಅಂಚು ಮಾತ್ರ ಬೂದಾಗಿಯೇ ಇತ್ತು. ಅದು ನೆಲದ್ದೇ ಕೆಲಸವೋ ಅಂತ ಖಚಿತ ಮಾಡಿಕೊಳ್ಳಲು ಹಲಗೆಯ ಮುಂದೆ ಬಿಳಿ ಪಂಚೆ ಹಾಸಿದೆ. ಬದನೆಕಾಯಿ ಮಾಯವಾಯಿತು. ಪಂಚೆ ಎಳೆದೆ, ವಾಪಸ್ ಬಂತು. ಕಾಫಿ ಲೋಟ ಹಿಡಿದು ಕೂತಿದ್ದ ಅತ್ತೆಗೆ ಇದು ಬಹಳ ಮಜವಾಗಿ ಕಂಡು “ಇನ್ನೊಂದ್ಸಲ ಎಳಿ” ಅಂದರು. ‘ಈ’ ಅಲ್ಲೇ ಹೊರಗೆ ಹೋಯಿತು.

‘ಅ’ಗೆ ಬೇರೆಯದೇ ತೊಂದರೆ. ಕಂದು ಛಾಯೆ, ಅದಕ್ಕೆ ಕೆಂಪು ಬೆಳಕು, ಪಕ್ಕದಲ್ಲಿ ತೇಗದ ಶೋಕೇಸು. ಮೂರೂ ಒಂದಕ್ಕೊಂದು ಸೇರಿ, ಶೋಕೇಸು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ ಅನ್ನುವುದೇ ಮಸುಕಾಯಿತು. ಹೊಸ ಫ್ಲ್ಯಾಟಿನ ಬಿಳಿ ವಿಟ್ರಿಫೈಡ್ ಟೈಲ್ಸ್ ಮೇಲಾದರೆ ಇದೇ ಬಣ್ಣ ಎಲ್ಲಕ್ಕಿಂತ ಚೆನ್ನಾಗಿರುತ್ತಿತ್ತೇನೋ. ‘ಇ’ ಮಾತ್ರ ನೆಲಕ್ಕೆ ಬಗ್ಗಲಿಲ್ಲ. ಕಾರಣ ಸರಳ: ಕೆಂಪೂ ಹಸಿರೂ ಒಂದನ್ನೊಂದು ಹೊಡೆದುಹಾಕುವ ಬಣ್ಣಗಳು. ಕಾರ್ಡಿನಲ್ಲಿ ಸ್ವಲ್ಪ ಪಾಚಿಬಣ್ಣಕ್ಕೆ ವಾಲಿದ್ದ ಬೂದು, ಕೆಂಪು ನೆಲದ ಬೆಳಕು ಬಿದ್ದಾಗ ಯಾವ ಕಡೆಗೂ ವಾಲದ ಬೂದಾಗಿ ನಿಂತಿತು. ಅಂಗಡಿಯಲ್ಲಿ ನಾಲ್ಕರ ಪೈಕಿ ನನಗೆ ಕಡಿಮೆ ಇಷ್ಟವಾಗಿದ್ದೂ ಅದೇ. ಕಡಪ ಕಲ್ಲಿನ ಕಪ್ಪು ನೆಲ ಇದ್ದವರಿಗೆ ಈ ತಲೆನೋವು ಅಷ್ಟಿಲ್ಲ, ಕಪ್ಪು ನೆಲ ವಾಪಸ್ ಎಸೆಯುವ ಬೆಳಕೇ ಕಡಿಮೆ.

ಉತ್ತರದ ಕಿಟಕಿಯ ಬಗ್ಗೆ ಒಂದು ಮಾತು. ಉತ್ತರದ ಕೋಣೆಗೆ ದಿನವಿಡೀ ತಣ್ಣನೆಯ ನೀಲಿ ಬೆಳಕು, ಅಲ್ಲಿ ಬೆಚ್ಚಗಿನ ಬಣ್ಣವನ್ನೇ ಹಾಕಿ ಅಂತ ಇಂಗ್ಲಿಷಿನಲ್ಲಿ ಎಲ್ಲೆಡೆ ಬರೆದಿರುತ್ತಾರೆ. ಅದು ಯುರೋಪು, ಅಮೆರಿಕದವರಿಗೆ ಹೇಳಿದ ಮಾತು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ನಡುಹಗಲಿನ ಸೂರ್ಯನೇ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಆದರೆ ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಬೇಸಿಗೆಯಿಂದ ಮಳೆಗಾಲದವರೆಗೂ ಉತ್ತರದ ಕಿಟಕಿಯಲ್ಲಿ ಒಳಗೆ ಬರುತ್ತದೆ. ಚಳಿಗಾಲದಲ್ಲಿ ಮಾತ್ರ ಅವರು ಹೇಳಿದ ತಣ್ಣನೆಯ ಬೆಳಕು. ವರ್ಷದ ಎರಡೂ ಬೆಳಕಿಗೆ ಒಗ್ಗುವುದು ಬೇಕಿತ್ತು.

‘ಆ’ಯನ್ನು ಉರುಳಿಸಿದ್ದು ಮುಸ್ಸಂಜೆ. ಹಗಲಿಡೀ ಅದು ಸಭ್ಯವಾಗಿಯೇ ಇತ್ತು, ಮನೆಯವರಿಗೆ ಅದೇ ಆಗಬೇಕಿತ್ತು. ಸೂರ್ಯ ಮುಳುಗಿ, ದೇವರ ದೀಪ ಹಚ್ಚಿ, ಹಾಲ್‌ನ ಲೈಟು ಇನ್ನೂ ಹಾಕಿರದ ಹೊತ್ತಿನಲ್ಲಿ ನೋಡಿದರೆ ಅದು ಬೂದೇ ಅಲ್ಲ, ಶಾಲಾ ಸಮವಸ್ತ್ರದ ನೀಲಿ. ಆ ಹೊತ್ತಿಗೆ ಆಕಾಶದಿಂದ ಬರುವ ಬೆಳಕೇ ನೀಲಿ. ಜೊತೆಗೆ ಬೆಳಕು ಕಮ್ಮಿಯಾದಂತೆ ನಮ್ಮ ಕಣ್ಣಿಗೆ ಕೆಂಪು ಮಂಕಾಗಿ ನೀಲಿ ಎದ್ದು ಕಾಣತೊಡಗುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದ್ದರಿಂದ ಅವರದೇ ಹೆಸರಿದೆ ಇದಕ್ಕೆ. ಮನೆಯವರು ಒಂದು ಸಂಜೆ ಕಣ್ಣಾರೆ ನೋಡಿ, ಮಾತಿಲ್ಲದೆ ಹಲಗೆಯನ್ನು ಸ್ಟೋರ್‌ರೂಮಿಗೆ ಸಾಗಿಸಿದರು.

ದೀಪದ ವಿಚಾರದಲ್ಲಿ ‘ಇ’ಯೂ ಪೂರ್ತಿ ಪಾಸಾಗಲಿಲ್ಲ. ನಮ್ಮ ಹಾಲ್‌ನಲ್ಲಿ ಇದ್ದದ್ದು 6500 ಕೆಲ್ವಿನ್‌ನ, ಅಂದರೆ ತಣ್ಣನೆಯ ಬಿಳಿ ಬೆಳಕಿನ, ಎಲ್‌ಇಡಿ ಟ್ಯೂಬು, ಹೆಚ್ಚಿನ ಮನೆಗಳಲ್ಲಿ ಇರುವಂಥದ್ದೇ. ಅದರ ಕೆಳಗೆ ಪಾಚಿ ಎದ್ದುಬಂತು. ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬು ಹಾಕಿ ನೋಡಿದರೆ ಸರಿಹೋಯಿತು. ಬಣ್ಣ ಬದಲಿಸುವುದಕ್ಕಿಂತ ಬಲ್ಬು ಬದಲಿಸುವುದು ಅಗ್ಗ. ಆದರೆ ಓದಲು, ತರಕಾರಿ ಹೆಚ್ಚಲು ಆ ಬೆಳಕು ಸಾಲದು ಅಂತ ಅತ್ತೆ ಪಟ್ಟು ಹಿಡಿದರು. ಕೊನೆಗೆ ಅವರ ಕುರ್ಚಿಯ ಕಡೆ ಹಳೆಯ ಟ್ಯೂಬು, ಟಿ.ವಿ. ಗೋಡೆಯ ಕಡೆ 3000ದ್ದು, ಬೇರೆ ಬೇರೆ ಸ್ವಿಚ್ಚು. ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಂತ ಇರುವುದನ್ನು ಹುಡುಕಿ ತಂದೆ. ಬಣ್ಣಗಳನ್ನು ಅದು ಇನ್ನಷ್ಟು ನಿಜವಾಗಿ ತೋರಿಸುತ್ತದೆ.

ಈ ನಡುವೆ ವಾಟ್ಸ್ಯಾಪ್‌ನಲ್ಲಿ ಫೋಟೋ ಹಾಕಿ ನೆಂಟರಿಷ್ಟರ ವೋಟು ಕೇಳುವ ಕೆಲಸವೂ ನಡೆಯಿತು, ನನಗೆ ಬೇಡವಾಗಿದ್ದರೂ. ಮೊಬೈಲ್ ಕ್ಯಾಮೆರಾ ಬೆಳಕಿನ ಛಾಯೆಯನ್ನು ತಾನೇ ಸರಿಪಡಿಸಿಬಿಡುತ್ತದೆ. ನಾವು ನೋಡಬೇಕಾಗಿದ್ದ ಆ ಎಳೆ ನೀಲಿ, ಎಳೆ ಹಸಿರನ್ನೇ ಅಳಿಸಿ ಕಳಿಸುತ್ತದೆ. ನಾಲ್ಕು ಹಲಗೆಗೂ ಹೆಚ್ಚುಕಡಿಮೆ ಸಮ ವೋಟು ಬಿತ್ತು.

ಬಳಿಯುವ ದಿನ ಮೇಸ್ತ್ರಿಯ ಮಾತು ಕೇಳಿದ್ದು ಒಳ್ಳೆಯದಾಯಿತು. “ಬಿಳಿ ಆದ್ರೆ ಹೇಗೋ ಮುಚ್ಚೋಗುತ್ತೆ ಮೇಡಂ, ಇದಕ್ಕೆ ಪುಟ್ಟಿ ಇನ್ನೊಂದು ಕೈ ಎಳೀಬೇಕು” ಅಂದರು. ಕತ್ತಲು ಮಾಡಿ, ಬಲ್ಬನ್ನು ಗೋಡೆಗೆ ಅಂಟಿದ ಹಾಗೆ ಪಕ್ಕದಿಂದ ಹಿಡಿದು, ನೆರಳು ಬಿದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಾ ಹೋದರು. ಗೋಡೆ ತುಂಬ ಸುತ್ತುಗಳು. ಅಷ್ಟನ್ನೂ ತುಂಬಿ, ಉಜ್ಜಿ, ಆಮೇಲೆ ಪ್ರೈಮರ್. ಬಿಳಿ ಪ್ರೈಮರ್‌ಗೆ ಕಪ್ಪು ಸ್ಟೇನರ್, ಅಂದರೆ ಬೆರೆಸುವ ಗಟ್ಟಿ ಬಣ್ಣ, ಸೇರಿಸಿ ಬೂದು ಮಾಡಿಕೊಂಡರು. ಗಾಢ ಬಣ್ಣದ ಬೇಸ್‌ನಲ್ಲಿ ಮರೆಮಾಡುವ ಬಿಳಿ, ಅಂದರೆ ಟೈಟಾನಿಯಂ ಡೈಆಕ್ಸೈಡ್, ಬಹಳ ಕಡಿಮೆ ಇರುತ್ತದೆ. ಹಾಗಾಗಿ ಬಿಳಿಯ ಮೇಲೆ ಹೊಡೆದರೆ ಕೋಟ್ ಮೇಲೆ ಕೋಟ್ ಕೇಳುತ್ತದೆ. ಮುಂದೆ ಕುರ್ಚಿ ತಾಗಿ ಸಿಪ್ಪೆ ಎದ್ದರೆ ಬಿಳಿ ಚುಕ್ಕೆಯೂ ಕಾಣುತ್ತದೆ.

ಮ್ಯಾಟ್ ಫಿನಿಶ್ ನನ್ನ ಆಸೆಯಾಗಿತ್ತು. ಗಾಢ ಮ್ಯಾಟ್ ಗೋಡೆಗೆ ಕೈ, ಬ್ಯಾಗು, ತಲೆ ಉಜ್ಜಿದ ಕಡೆ ಹೊಳಪಿನ ಕಲೆ ಬೀಳುತ್ತದೆ, ಒರೆಸಿದರೆ ಇನ್ನೂ ಹೊಳೆಯುತ್ತದೆ. ಅದಕ್ಕೇ ಸ್ವಲ್ಪವೇ ಹೊಳಪಿನ ಸಾಫ್ಟ್ ಶೀನ್ ತೆಗೆದುಕೊಂಡೆ. ಅದೇ ಕೋಡಿನ ಬಣ್ಣ ಮ್ಯಾಟ್‌ನಲ್ಲಿ ತುಸು ತಿಳಿ, ಹೊಳಪಿನಲ್ಲಿ ತುಸು ಗಾಢವಾಗಿ ಕಾಣುವುದರಿಂದ ಹಲಗೆಗೂ ಅದೇ ಫಿನಿಶ್ ಹೊಡೆದು ನೋಡಿದ್ದೆ. 14 ಅಡಿಗೆ 10 ಅಡಿ, 140 ಚದರ ಅಡಿ ಗೋಡೆ. ಎರಡು ಕೋಟ್‌ಗೆ ಲೀಟರಿಗೆ ಸುಮಾರು 120ರಿಂದ 140 ಚದರ ಅಡಿ ಬರುತ್ತದೆ ಅನ್ನುವ ಲೆಕ್ಕಕ್ಕೆ ಮೂರನೇ ಕೋಟ್ ಸೇರಿಸಿ ಎರಡು ಲೀಟರ್ ತಂದೆವು. ಎರಡು ಡಬ್ಬಿಯನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದ ಮೇಲೆಯೇ ರೋಲರ್ ಅದ್ದಿದ್ದು. ಮೆಷಿನ್ನಿನಲ್ಲಿ ಒಂದು ಹನಿ ಹೆಚ್ಚುಕಮ್ಮಿಯಾದರೂ ಗಾಢ ಗೋಡೆಯ ನಡುವೆ ಗೆರೆ ಹೊಡೆದಂತೆ ತೋರುತ್ತದೆ.

ಗೋಡೆ ಚೆನ್ನಾಗಿ ಬಂದದ್ದು ನೋಡಿ ಮನೆಯವರಿಗೆ ಹುರುಪು, ಹೊರಗಿನ ಪಶ್ಚಿಮದ ಗೋಡೆಗೂ ಇದೇ ಹೊಡೆಸೋಣ ಅಂದರು. ನಾನು ಒಪ್ಪಲಿಲ್ಲ. ಎಲ್‌ಆರ್‌ವಿ 9 ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತೊಂದು ಪಾಲನ್ನು ಗೋಡೆ ನುಂಗುತ್ತದೆ, ಮಧ್ಯಾಹ್ನದ ಬಿಸಿಲಿನ ಕಾವು ಮಲಗುವ ಕೋಣೆಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಗಾರೆಯಿಂದ ಏಳುವ ಬಿಳಿ ಉಪ್ಪು ಕೆನೆ ಬಣ್ಣದಲ್ಲಿ ಕಾಣದಿದ್ದರೂ ಬೂದಿನ ಮೇಲೆ ಬೀದಿಗೇ ಕಾಣುತ್ತದೆ. ಕಿಟಕಿ ಸರಳುಗಳಿಗೆ ಮಾತ್ರ ಹೊಡೆಸಿದೆವು, ಕಬ್ಬಿಣಕ್ಕೆ ಹೊಡೆಯುವ ಎನಾಮೆಲ್‌ನಲ್ಲಿ. ಅದಕ್ಕೂ ಮೊದಲು ಒಂದೇ ಒಂದು ಸರಳಿಗೆ ಬಳಿಸಿ, ಒಣಗಿದ ಮೇಲೆ ‘ಇ’ ಹಲಗೆಯನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಕೋಡ್ ಒಂದೇ ಆದರೂ ಎನಾಮೆಲ್ ಒಂದು ಮೆಟ್ಟಿಲು ಗಾಢವಾಗಿ ಬಂದಿತ್ತು. ಸರಳಿಗೆ ಅದೇ ಒಪ್ಪುತ್ತದೆ ಅಂತ ಮೇಸ್ತ್ರಿಗೆ ಮುಂದುವರಿಸಲು ಹೇಳಿದೆ.