ದಡ ಮುಟ್ಟುವ ಮುನ್ನಾದಿನ: ಹಾಯಿದೋಣಿಯಲ್ಲಿ ಏನೇನು ಮಾಡಬೇಕು?

ಕೋಲಾರದಲ್ಲೋ ತುಮಕೂರಿನಲ್ಲೋ ಇದ್ದುಕೊಂಡು ಹಾಯಿದೋಣಿಯ ದೂರಯಾನಕ್ಕೆ ಹೊರಡಬೇಕೆನ್ನುವವರು ಮೊದಲು ಕೇಳುವುದು ಬಿರುಗಾಳಿಯ ಸುದ್ದಿ. ಆದರೆ ನಡುಗಡಲಲ್ಲಿ ದೋಣಿಗೆ ತಾಗುವಂಥದ್ದು ಏನಿದೆ? ಬಂಡೆ, ಮರಳದಿಬ್ಬ, ಮೀನುಬಲೆ ಎಲ್ಲ ಇರುವುದು ದಡದ ಹತ್ತಿರ. ವಾರಗಟ್ಟಲೆ ನಿದ್ದೆಗೆಟ್ಟು ಬಂದವರು ಅವನ್ನೆಲ್ಲ ದಾಟಬೇಕಾಗುವುದು ಕೊನೆಯ ದಿನ.

ಮೊದಲು ತಲುಪುವ ಹೊತ್ತು ಗೊತ್ತು ಮಾಡಿ. ಗುರುತಿಲ್ಲದ ಬಂದರಿಗೆ ರಾತ್ರಿ ಹೋಗಲೇಬಾರದು. ಇನ್ನು 120 ನಾಟಿಕಲ್ ಮೈಲಿ ಉಳಿದಿದ್ದು ವೇಗ 5 ನಾಟ್ ಇದ್ದರೆ 24 ಗಂಟೆ ಬೇಕು. (5 ನಾಟ್ ಎಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಅಂದರೆ 9 ಕಿ.ಮೀ. ಚಿಲ್ಲರೆ. ತುಮಕೂರಿನ ಬಿ.ಎಚ್. ರಸ್ತೆಯ ಸೈಕಲ್ಲೂ ಇದಕ್ಕಿಂತ ಜೋರು!) ಈ ಲೆಕ್ಕದಲ್ಲಿ ರಾತ್ರಿ 2ಕ್ಕೆ ತಲುಪುವಂತಿದ್ದರೆ ಈಗಲೇ ಹಾಯಿ ಕುಗ್ಗಿಸಿ 4 ನಾಟ್‌ಗೆ ಇಳಿಸಿ, 30 ಗಂಟೆ ಹಿಡಿದು ಬೆಳಗ್ಗೆ 8ಕ್ಕೆ ಸೇರುತ್ತೀರಿ. ದಡದ ಹತ್ತಿರ ಹೋಗಿ ಕಾದರಾಯಿತು ಅನ್ನಬೇಡಿ. ಗಾಳಿ ದಡದ ಕಡೆಗೇ ಬೀಸುತ್ತಿದ್ದರೆ ಕಾಯುವ ದೋಣಿ ಬಂಡೆಗಳತ್ತ ಜಾರುತ್ತದೆ. ಕಾಯುವುದೇ ಆದರೆ ದೂರದ ಆಳದಲ್ಲಿ ಕಾಯಿರಿ.

ಇಂಜಿನ್ ಪರೀಕ್ಷೆಯನ್ನೂ ಬಂದರಿನ ಬಾಯಿಗೆ ಬರುವವರೆಗೆ ಉಳಿಸಿಕೊಳ್ಳಬಾರದು. ಮುನ್ನಾದಿನವೇ ಅರ್ಧ ಗಂಟೆ ಓಡಿಸಿ. ಅಲೆಗಳಿಗೆ ದೋಣಿ ಕುಲುಕಿ ಕುಲುಕಿ, ಟ್ಯಾಂಕಿನ ತಳದ ಗಸಿ ಮೇಲೆದ್ದು ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಫಿಲ್ಟರಿನ ಕೆಳಗಿನ ಬಟ್ಟಲಲ್ಲಿ ನೀರು ಕಂಡರೆ ಬಸಿಯಿರಿ, ಫಿಲ್ಟರ್ ಬದಲಿಸಿ, ಏರ್ ತೆಗೆಯಿರಿ. ಹೊಲದಲ್ಲಿ ಡೀಸೆಲ್ ಪಂಪ್‌ಸೆಟ್ ಓಡಿಸಿದವರಿಗೆ ಏರ್ ಹಿಡಿಯುವ ಕಾಟ ಹೊಸದಲ್ಲ. ರಿವರ್ಸ್ ಗೇರ್ ಬೀಳುತ್ತದೆಯೇ ನೋಡಿ, ದೋಣಿಗೆ ಇರುವ ಬ್ರೇಕ್ ಅದೊಂದೇ. ಗೇರ್ ಹಾಕುವ ಮುನ್ನ ಯಾವ ಹಗ್ಗವೂ ನೀರಿಗೆ ಬಿದ್ದಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಇಂಜಿನ್ ಅಲ್ಲೇ ನಿಲ್ಲುತ್ತದೆ.

ದೀಪಸ್ತಂಭ ಯಾವಾಗ ಕಾಣಬೇಕೆಂಬುದಕ್ಕೂ ಲೆಕ್ಕವಿದೆ. ನಂದಿಬೆಟ್ಟದ ಮೇಲಿನ ನೋಟ ದೋಣಿಯಲ್ಲಿ ಸಿಗದು. ಕಣ್ಣು ನೀರಿನಿಂದ 3 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಇರುವುದು ಆರೂವರೆ ಕಿ.ಮೀ. ಆಚೆಗಷ್ಟೆ. ದೀಪದ ಎತ್ತರ, ಕಣ್ಣಿನ ಎತ್ತರ ಎರಡರ ವರ್ಗಮೂಲ ಕೂಡಿಸಿ 2.08ರಿಂದ ಗುಣಿಸಿ. ದೀಪ 36 ಮೀ., ಕಣ್ಣು 3 ಮೀ. ಆದರೆ ಸುಮಾರು 16 ನಾಟಿಕಲ್ ಮೈಲಿ ದೂರದಿಂದ ದೀಪ ಕಾಣಬೇಕು. ಕೋಲಾರದಿಂದ ಮುಳಬಾಗಿಲಿಗೆ ಇರುವಷ್ಟು ದೂರ ಅನ್ನಿ. ಮಿನುಗುವ ಅಂತರವನ್ನು ಗಡಿಯಾರ ಹಿಡಿದು ಎಣಿಸಿ ನಕ್ಷೆಯೊಂದಿಗೆ ತಾಳೆ ನೋಡಿ. ಮಂಜಿಲ್ಲದ ರಾತ್ರಿಯಲ್ಲೂ ದೀಪ ಕಾಣದಿದ್ದರೆ ಮುಂದುವರಿಯಬೇಡಿ. ಜಿಪಿಎಸ್ ಹೇಳುವ ಜಾಗಕ್ಕೂ ನೀರಿನ ಆಳಕ್ಕೂ ಹೊಂದಿಕೆಯಿದೆಯೇ ನೋಡಿ.

ಕರ್ನಾಟಕದ ಕರಾವಳಿಗೆ ಬರುವವರು ಇನ್ನೊಂದನ್ನು ಗಮನಿಸಬೇಕು. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಕಡಲ ತುಂಬ ದೋಣಿಗಳು, ಬಲೆಗಳು. ಬಲೆಯ ಬೆಂಡುಗಳಿಗೆ ದೀಪವಿರುತ್ತದೆಂಬ ನಂಬಿಕೆ ಬೇಡ, ದೋಣಿಯ ಮೂತಿಯಲ್ಲಿ ಒಬ್ಬರು ನಿಲ್ಲಿ.

ಬಂದರಿನೊಳಗೆ ಹೋಗುವಾಗ ನಮ್ಮ ದೇಶದಲ್ಲಿ ಕೆಂಪು ಬೋಯ್ (ದಾರಿ ತೋರುವ ತೇಲುಗುರುತು) ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ, ಜಪಾನ್ ಕಡೆ ಇದು ತಿರುಗುಮುರುಗು. ಹೊರದೇಶದಿಂದ ಬಂದಿದ್ದರೆ ಹಳದಿ ಬಾವುಟ ಏರಿಸಿ, ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಬಂದರನ್ನು ಕರೆಯಿರಿ. ವಲಸೆ, ಕಸ್ಟಮ್ಸ್, ಆರೋಗ್ಯ ತಪಾಸಣೆ ಮುಗಿಯದೆ ಸಿಬ್ಬಂದಿ ಇಳಿಯುವಂತಿಲ್ಲ.

ಕೊನೆಗೆ ಲಂಗರು. ಯಾನದುದ್ದಕ್ಕೂ ಬಿಗಿದು ಕಟ್ಟಿದ್ದನ್ನು ಬಿಚ್ಚಿ, ಸರಪಳಿ ಗಂಟಾಗದೆ ಜಾರುತ್ತದೆಯೇ ನೋಡಿ. ನೀರಿನ ಆಳ 6 ಮೀ., ಇನ್ನೂ ಏರಬೇಕಾದ ಉಬ್ಬರ 2 ಮೀ., ನೀರಿನಿಂದ ಮೂತಿಗೆ 1 ಮೀ., ಒಟ್ಟು 9. ಸರಪಳಿಯಾದರೆ ಅದರ 5 ಪಟ್ಟು, 45 ಮೀ.; ಹೆಚ್ಚಿನಂಶ ಹಗ್ಗವಾದರೆ 7 ಪಟ್ಟು, 63 ಮೀ. ಕಡಿಮೆ ಬಿಟ್ಟರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ನಿಧಾನವಾಗಿ ರಿವರ್ಸ್ ಕೊಟ್ಟು ಲಂಗರನ್ನು ಕಚ್ಚಿಸಿ. ದಡದ ಮೇಲಿನ ಎರಡು ಗುರುತುಗಳ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ಬರೆದಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಒಂದೇ ಸಮನೆ ಬದಲಾಗುತ್ತ ಹೋದರೆ ಲಂಗರು ಜಾರುತ್ತಿದೆ, ಎತ್ತಿ ಮತ್ತೆ ಹಾಕಿ. ಬದಲಾಗದಿದ್ದರೂ ಮೊದಲ ಒಂದು ಗಂಟೆ ಒಬ್ಬರು ಎಚ್ಚರವಿರಿ, ಉಳಿದವರು ಮಲಗಬಹುದು.